ಎಡೆಗೆ ಮುಂಚಿನ ತುತ್ತು

ಜುಲೈ 6, ಭಾನುವಾರ

ಈ ಪುಸ್ತಕ ಇವರದು, ನನ್ನ ಗಂಡನದು. ಯಾವ ಓಣಿಗೆ ಎಷ್ಟು ಹೊತ್ತಿಗೆ ನೀರು ಬಿಟ್ಟದ್ದು, ಎಷ್ಟು ಹೊತ್ತಿಗೆ ನಿಲ್ಲಿಸಿದ್ದು ಎಂದು ಬರೆಯಲು ಪಂಚಾಯಿತಿಯವರು ಕೊಟ್ಟದ್ದು. ಮಾರ್ಚ್ ಹತ್ತರ ತನಕ ಇವರ ಅಕ್ಷರವಿದೆ. 'ಮ್ಯಾಗಳ ಓಣಿ 6 ರಿಂದ 6-40. ಶಾಲಿ ಟ್ಯಾಂಕ್ ತುಂಬಿದೆ.' ಅಲ್ಲಿಂದ ಮುಂದೆ ಹಾಳೆಗಳು ಖಾಲಿ. ನೀರುಗಂಟಿ ಕೆಲಸ ಈಗ ನನ್ನ ಮೈದುನ ಭೀಮೇಶನಿಗೆ ಬಂದಿದೆ. ಅವನಿಗೆ ಹೊಸ ಪುಸ್ತಕ ಕೊಟ್ಟಿದ್ದಾರೆ. ಹಳೆಯದನ್ನು ಏನು ಮಾಡಲಿ ಎಂದು ಕೇಳಿದೆ. "ಇಟ್ಗೋರಿ ಅತ್ತಿಗಿ, ಒಲಿ ಹಚ್ಚಾಕ ಬರ್ತೈತಿ" ಅಂದ. ಒಲೆಗೆ ಹಾಕಲು ಮನಸ್ಸಾಗಲಿಲ್ಲ.

ನಾನು ಓದಿದ್ದು ಏಳನೇ ಕ್ಲಾಸು. ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳಾದ ಮೇಲೆ ದಿನಾ ಅಕ್ಕಿ ಬೇಳೆ ಎಷ್ಟು ತೆಗೆದೆ ಎಂದು ಬರೆಯಬೇಕು, ಹಾಗಾಗಿ ಅಕ್ಷರ ಮರೆತಿಲ್ಲ. ಬಾಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆದಿಡುತ್ತೇನೆ. ಇದನ್ನು ಯಾರೂ ಓದುವುದಿಲ್ಲ.

ಮಾರ್ಚ್ ಹನ್ನೊಂದು, ಮಂಗಳವಾರ. ಬೋರಿನ ಮೋಟಾರು ಸುಟ್ಟಿತ್ತು. ಇವರು ಬೆಳಗ್ಗೆ ಶುಗರಿನ ಗುಳಿಗೆ ನುಂಗಿ, ರೊಟ್ಟಿ ಆಮೇಲೆ ತಿನ್ನುತ್ತೇನೆ ಎಂದು ಹೋದರು. ಹನ್ನೊಂದು ಗಂಟೆಗೆ ನಾನು ಸಾರಿಗೆ ಕರಿಬೇವು ಕೊಯ್ಯಲು ಶಾಲೆಯಿಂದ ಮನೆಗೆ ಬಂದೆ. ಆಗಲೇ ಭೀಮೇಶ ಇವರನ್ನು ಗಾಡಿಯಲ್ಲಿ ತಂದು ಬಾಗಿಲಲ್ಲಿ ಬಿಟ್ಟು ಹೋದ. ಮೋಟಾರು ಎತ್ತಿದವರ ಜೊತೆ ಕುಡಿದಿದ್ದರು. ವಾಸನೆ ಬರುತ್ತಿತ್ತು. ಅಂಗಿ ನೀರಲ್ಲಿ ಅದ್ದಿದ ಹಾಗೆ ಬೆವರಿಂದ ತೊಯ್ದಿತ್ತು. ಕಾಲು ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು "ಬೆಲ್ಲ ಕೊಡ" ಅಂದರು.

ಮೂರು ವರ್ಷದ ಹಿಂದೆ ಇವರಿಗೆ ಶುಗರ್ ಬಂದಾಗಿನಿಂದ ನಾನು ಅಡುಗೆಮನೆಗೆ ಬೀಗ ಹಾಕುತ್ತಿದ್ದೆ. ಕದ್ದು ಬೆಲ್ಲ ತಿನ್ನುವ ಚಟ ಇವರಿಗೆ. ಮಾರೆಮ್ಮ ಗಂಡನನ್ನು ಎಷ್ಟು ಜೋಪಾನ ಮಾಡುತ್ತಾಳೆ ಎಂದು ಓಣಿಯೆಲ್ಲ ಹೊಗಳುತ್ತಿತ್ತು. ಅವತ್ತು ನನಗೆ ಸಿಟ್ಟು ಬಂದಿತ್ತು. "ಹಾಡೇ ಹಗಲ ಕುಡುದು ಬಂದು ಬೆಲ್ಲ ಬ್ಯಾರೆ ಬೇಕೇನು?" ಅಂದೆ. ಬೀಗ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿ, ಕರಿಬೇವು ತೆಗೆದುಕೊಂಡು ಶಾಲೆಗೆ ಹೋದೆ. ರೊಟ್ಟಿಯೂ ಒಳಗೇ ಇತ್ತು.

ಮೂರಕ್ಕೆ ಬಂದೆ. ಗೊರಕೆ ಹೊಡೆಯುತ್ತಿದ್ದರು. ಮಲಗಲಿ, ಇಳಿಯುತ್ತದೆ ಅಂದುಕೊಂಡೆ. ದೀಪ ಹಚ್ಚುವ ಹೊತ್ತಿಗೆ ಅಲುಗಾಡಿಸಿದರೆ ಏಳಲಿಲ್ಲ. ಹಗರಿಬೊಮ್ಮನಹಳ್ಳಿಗೆ, ಅಲ್ಲಿಂದ ಹೊಸಪೇಟೆಗೆ. ಶುಗರ್ ಇಪ್ಪತ್ತಾರಕ್ಕೆ ಇಳಿದಿದೆ ಅಂದರು ಡಾಕ್ಟರು. "ಮಧ್ಯಾಹ್ನ ಊಟ ಮಾಡಿದ್ರೇನಮ್ಮಾ?" ಎಂದು ಕೇಳಿದರು. ಭೀಮೇಶ ಪಕ್ಕದಲ್ಲೇ ನಿಂತಿದ್ದ.

"ಮಾಡಿದ್ರು ರಿ" ಅಂದೆ.

ಶುಕ್ರವಾರ ಹೋದರು. ಎಚ್ಚರವಾಗಲೇ ಇಲ್ಲ.

ಜುಲೈ 9, ಬುಧವಾರ

ನೀರು ಆರಕ್ಕೆ ಬಂತು. ಒಂದೇ ಕೊಡ ತುಂಬಿದೆ. ಮಧ್ಯಾಹ್ನ ಶಾಲೆಯಲ್ಲಿ ಉಣ್ಣುತ್ತೇನೆ, ಸಂಜೆ ಹಸಿವಾಗುವುದಿಲ್ಲ. ಒಲೆ ಹಚ್ಚದೆ ಎಷ್ಟು ದಿನವಾಯಿತೋ ಲೆಕ್ಕ ಇಟ್ಟಿಲ್ಲ. ಆದರೂ ಅಡುಗೆಮನೆಗೆ ಬೀಗ ಹಾಕಿಯೇ ಹೋಗುತ್ತೇನೆ. ಕೈಗೆ ರೂಢಿ.

ಜುಲೈ 20, ಭಾನುವಾರ

ಭೀಮೇಶ ಕೊಟ್ಟೂರಿಗೆ ಹೋಗಿದ್ದನಂತೆ, ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದ. ಬಿಸಿ ಆರಿ ಮೆತ್ತಗಾಗಿದ್ದವು.

"ಒಂದರ ತಿನ್ರಿ ಅತ್ತಿಗಿ. ನಿಮ್ಮ ಮುಖ ನೋಡಿದ್ರ ನಮ್ಮ ಟ್ಯಾಂಕಿನ ತಳ ನೋಡಿದಂಗ ಆಕ್ಕೈತಿ."

ತಿಂದೆ. ಅವನೂ ತಿಂದ. ಅವನ ಬಾಯಿಂದ ವಾಸನೆ ಬಂತು. ಇವನಿಗೂ ಶುಗರ್ ಇದೆ. ಅಣ್ಣನಿಗೆ ಬಂದ ಮರುವರ್ಷ ಇವನಿಗೆ ಬಂತು. ಅದೇ ದವಾಖಾನೆ, ಅದೇ ಬಿಳಿ ಗುಳಿಗೆ. ಹುಡುಗರಾಗಿದ್ದಾಗ ಒಂದೇ ಅಂಗಿಯನ್ನು ಹಂಚಿಕೊಂಡ ಹಾಗೆ ಎಂದು ಇವರು ನಗುತ್ತಿದ್ದರು.

"ಯಾಕೋ ಕುಡಿತಿ? ಶುಗರ್ ಇಟ್ಕೊಂಡು" ಅಂದೆ.

"ಕುಡುದ್ರ ಶುಗರ್ ಇಳೀತೈತಿ ಅತ್ತಿಗಿ. ಸುಳ್ಳಲ್ಲ, ಮಿಷನ್‌ನ್ಯಾಗ ನೋಡೀನಿ. ಒಂದು ದಿನ ಕುಡುದು ಮರುದಿನ ಮುಂಜಾನಿ ತೋರಿಸಿದೆ, ತೊಂಬತ್ತು ಬಂತು! ಯಾವ ಗುಳಿಗಿಗೂ ಬಂದಿರಲಿಲ್ಲ. ಈಗ ಒಂದು ಗುಳಿಗಿ, ಒಂದು ನೈಂಟಿ ಪಾಕೀಟು. ಎರಡೂ ಕೂಡಿ ಕೆಲಸ ಮಾಡ್ತಾವ."

ಉಳಿದ ಮಂಡಕ್ಕಿ ಕಟ್ಟಿಟ್ಟೆ. ಹೊಸಪೇಟೆಯ ಡಾಕ್ಟರು ಇಳಿದಿದೆ ಅಂದಿದ್ದರಲ್ಲವೇ. ಏರಿದರೆ ಕೆಟ್ಟದ್ದು ಎಂದು ಮೂರು ವರ್ಷ ಕೇಳಿದ್ದೆ. ಇಳಿದರೆ ಏನು ಎಂದು ನಾನು ಯಾರನ್ನೂ ಕೇಳಿಲ್ಲ. ಕೇಳಿದರೆ ಅವರು ತಿರುಗಿ ಏನು ಕೇಳುತ್ತಾರೋ ಎಂದು ಭಯ.

ಆಗಸ್ಟ್ 12, ಮಂಗಳವಾರ

ಇವತ್ತು ಶಾಲೆಯಲ್ಲಿ ಬಿಪಿ, ಶುಗರ್ ನೋಡುವ ಕ್ಯಾಂಪ್ ಇತ್ತು. ನರ್ಸ್ ಸುಮಲತಾ ಬಂದಿದ್ದರು. ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯವರು, ಚಿಕ್ಕ ವಯಸ್ಸು, ಮಾತು ಚುರುಕು. ಎಲ್ಲ ಮುಗಿದ ಮೇಲೆ ಟೀ ಕೊಟ್ಟೆ. ಅವರು ಬೆಂಚಿನ ಮೇಲೆ ಕಾಲು ಚಾಚಿ ಕುಳಿತರು. ಆಗ ಕೇಳಿದೆ.

"ಸಿಸ್ಟರ್, ಶುಗರ್ ಇರೋರು ಕುಡುದ್ರ ಏನಾಕ್ಕೈತ್ರಿ?"

"ಯಾರು, ನೀವಾ?" ಎಂದು ನಕ್ಕರು. ನಾನು ನಗಲಿಲ್ಲ. ಆಮೇಲೆ ಸರಿಯಾಗಿ ಹೇಳಿದರು. "ಕೂಲ್‌ಡ್ರಿಂಕ್ಸ್ ಕಲಸ್ಕೊಂಡು ಮೇಲೆ ಹೊಟ್ಟೆ ತುಂಬ ತಿಂದ್ರೆ ಏರುತ್ತೆ. ಆದ್ರೆ ಗುಳಿಗೆ ನುಂಗಿ, ಖಾಲಿ ಹೊಟ್ಟೇಲಿ ಕುಡಿದ್ರೆ ಇಳಿಯುತ್ತೆ ನೋಡ್ರಿ, ಅದು ಭಾರಿ ಅಪಾಯ. ನಾವು ಉಪವಾಸ ಇದ್ದಾಗ ಲಿವರ್ ಅಂತ ಒಂದು ಐತಲ್ಲ, ಅದು ಕೂಡಿಟ್ಟ ಸಕ್ಕರೇನ ಸ್ವಲ್ಪ ಸ್ವಲ್ಪ ರಕ್ತಕ್ಕೆ ಬಿಡ್ತಾ ಇರುತ್ತೆ. ಕುಡಿದಾಗ ಅದಕ್ಕೆ ಆ ವಿಷ ಕರಗಿಸೋದೇ ಕೆಲಸ. ಸಕ್ಕರೆ ಬಿಡೋದು ನಿಂತೋಗುತ್ತೆ. ಗುಳಿಗೆ ಮಾತ್ರ ತನ್ನ ಪಾಡಿಗೆ ಇಳಿಸ್ತಾನೇ ಇರುತ್ತೆ. ಕುಡಿದ ತಕ್ಷಣ ಅಲ್ಲ, ಎಷ್ಟೋ ತಾಸು ಆದಮೇಲೂ ಇಳೀಬಹುದು. ಮಲಗಿದಾಗ ಇಳಿದ್ರೆ ಯಾರಿಗೂ ಗೊತ್ತಾಗಲ್ಲ."

ನನಗೆ ಟ್ಯಾಂಕು ಕಣ್ಣಿಗೆ ಬಂತು. ಮೇಲೆ ನೀರು ಬರುವ ವಾಲ್ ಬಂದ್, ಕೆಳಗೆ ನಳಗಳೆಲ್ಲ ಓಪನ್.

"ಇಳಿದದ್ದು ಹೆಂಗ ತಿಳೀತೈತ್ರಿ?"

"ಬೆವರು. ನಡುಕ. ತೊದಲು ಮಾತು. ತೂರಾಡೋದು. ಕುಡಿದೋರ ಥರಾನೇ ಕಾಣ್ತಾರೆ, ಅದಕ್ಕೇ ಜನ ಮೋಸ ಹೋಗ್ತಾರೆ. ಬಾಯಿ ವಾಸನೆ ನೋಡಿ, ಏರೈತೆ, ಮಲಗ್ಲಿ ಬಿಡು ಅಂತಾರೆ. ಕೆಲವರು ಸಿಹಿ ಕೇಳ್ತಾರೆ. ಒಳಗಿನ ಜೀವ ಕೇಳೋದು ಅದು. ಎಚ್ಚರ ಇದ್ದು ನುಂಗೋ ಹಂಗಿದ್ರೆ ಸಕ್ಕರೆ ನೀರೋ ಬೆಲ್ಲಾನೋ ಕೊಟ್ಟು, ಮೇಲೆ ಊಟ ಮಾಡಿಸ್ಬೇಕು. ಎಚ್ಚರ ತಪ್ಪಿದ್ರೆ ಬಾಯಿಗೆ ಏನೂ ಹಾಕಬಾರದು, ಸೀದಾ ದವಾಖಾನೆ."

"ಶುಗರ್ ಇದ್ದೋರಿಗೆ ಬೆಲ್ಲಾನ್ರಿ?"

"ಆ ಹೊತ್ತಿಗೆ ಅದೇ ಔಷಧ ಕಣ್ರಿ ಮಾರೆಮ್ಮಕ್ಕ."

ಅವರ ಲೋಟಕ್ಕೆ ಇನ್ನಷ್ಟು ಟೀ ಹಾಕಲು ಹೋಗಿ ಬೆಂಚಿನ ಮೇಲೆ ಚೆಲ್ಲಿದೆ. ಒರೆಸುತ್ತ ತಲೆ ತಗ್ಗಿಸಿಕೊಂಡೆ. ಅವರು ಫೋನ್ ನಂಬರ್ ಬರೆದುಕೊಟ್ಟು ಹೋದರು.

ಆಗಸ್ಟ್ 13, ಬುಧವಾರ

ಬೆಲ್ಲ ಕೇಳಿದ್ದರು.

ಆಗಸ್ಟ್ 31, ಭಾನುವಾರ

ಹದಿನೆಂಟು ದಿನ ಬರೆದಿಲ್ಲ. ಬರೆಯುವುದೇನಿತ್ತು.

ಇವತ್ತು ಭೀಮೇಶನಿಗೆ ಹೇಳಬೇಕೆಂದು ಹೋದೆ. ಮಧ್ಯಾಹ್ನ ಊರ ಮುಂದಿನ ವಾಲ್ ತಿರುಗಿಸುತ್ತಿದ್ದ. ಮುಂಜಾನೆ ಒಲೆ ಹಚ್ಚಿ ಎರಡು ರೊಟ್ಟಿ ಬಡಿದಿದ್ದೆ, ಶೇಂಗಾ ಚಟ್ನಿ ಹಚ್ಚಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿದ್ದೆ.

"ಇದೇನ್ರಿ, ಅಣ್ಣಗ ತಂದಂಗ ನನಗ ಬುತ್ತಿ! ಮನ್ಯಾಗ ಮಂಜಿ ನೋಡಿದ್ರ ಹೊಟ್ಟಿಕಿಚ್ಚಿಲೆ ಸಾಯ್ತಾಳ."

"ಕುಡಿಯೋಕಿಂತ ಮೊದಲು ಉಣ್ಣಬೇಕು ಭೀಮಾ. ಗುಳಿಗಿ ನುಂಗಿ ಬರೇ ಹೊಟ್ಟಿಲೆ ಕುಡೀಬಾರದು. ಸುಮಲತಾ ಸಿಸ್ಟರ್ ಹೇಳ್ಯಾರ."

"ಸಿಸ್ಟರ್‌ಗೇನು, ಹೇಳ್ತಾರ. ಅಣ್ಣ ಅವತ್ತು ಉಂಡಿದ್ದಿಲ್ಲೇನು? ಉಂಡಾನೂ ಹೋದ. ಉಣ್ಣದಾನೂ ಹೋಗ್ತಾನ."

ನನ್ನ ಸುಳ್ಳು ಅವನ ಬಾಯಿಂದ ಬಂತು. ಆಗಲೇ ಹೇಳಿಬಿಡಬೇಕಿತ್ತು, ಉಂಡಿರಲಿಲ್ಲ ಕಣೋ ಎಂದು. ಬಾಯಿ ತೆರೆದೆ. ಅಷ್ಟರಲ್ಲಿ ಅವನು ಕೈಯ ಕೆಸರು ಒರೆಸಿಕೊಳ್ಳುತ್ತ, "ನೀವು ಕಣ್ಣಾಗ ಕಣ್ಣಿಟ್ಟು ನೋಡಿಕೊಂಡ್ರಿ ಅತ್ತಿಗಿ. ನಮ್ಮವ್ವ ಇದ್ದಿದ್ರೂ ಅಷ್ಟು ಮಾಡ್ತಿದ್ದಿಲ್ಲ" ಅಂದ.

ರೊಟ್ಟಿ ಕೊಟ್ಟು ಬಂದೆ.

ನನಗೆ ಮಕ್ಕಳಿಲ್ಲ. ತವರಿನಲ್ಲಿ ಯಾರೂ ಉಳಿದಿಲ್ಲ. ಇರುವವರು ಭೀಮೇಶ, ಅವನ ಹೆಂಡತಿ ಮಂಜಮ್ಮ, ಇಬ್ಬರೇ. ಹೇಳಿದರೆ ಅವರೂ ಇರುವುದಿಲ್ಲ. ಹೇಳದಿದ್ದರೆ ಅವನು ನನ್ನ ಸುಳ್ಳನ್ನೇ ನಂಬಿ ಕುಡಿಯುತ್ತಾನೆ.

ಸೆಪ್ಟೆಂಬರ್ 14, ಭಾನುವಾರ

ಮುಂದಿನ ಭಾನುವಾರ ಅಮಾವಾಸ್ಯೆ, ಹಿರಿಯರ ಹಬ್ಬ. ಇವರು ಹಿರಿಯರ ಜೊತೆ ಸೇರಿದ ಮೇಲೆ ಮೊದಲನೆಯದು. ಎಡೆ ನನ್ನ ಮನೆಯಲ್ಲೇ ಇಡಬೇಕು ಎಂದು ನಮ್ಮ ಮನೆತನಕ್ಕೆ ದೊಡ್ಡ ತಲೆಯಾದ ಬೊಮ್ಮಪ್ಪ ಮಾವ ಬಂದು ಹೇಳಿದ. ಎಡೆ ಇಡುವವನು ಭೀಮೇಶ. ಮುಂಜಾನೆಯಿಂದ ಉಪವಾಸ ಇರಬೇಕು. ಸತ್ತವರಿಗೆ ಇಷ್ಟವಾದದ್ದೆಲ್ಲ ಇಡಬೇಕು. ದೀಪ ಹಚ್ಚಿದ ಮೇಲೆ ಎಡೆಯ ಹೆಂಡವನ್ನು ಇಟ್ಟವನೇ ಮೊದಲು ಪ್ರಸಾದ ಅಂತ ತೆಗೆದುಕೊಳ್ಳಬೇಕು. ಮಾಳಿಗೆಯ ಮೇಲೆ ಇಟ್ಟ ಅನ್ನವನ್ನು ಕಾಗೆ ಮುಟ್ಟಿದ ಮೇಲೆ ಉಳಿದವರ ಊಟ.

"ಮಾವ, ಹೆಂಡ ಬ್ಯಾಡ. ಕರಿಗಡಬು ಸಾಕು" ಅಂದೆ.

"ನಿನ್ನ ಗಂಡ ನಾಗೇಂದ್ರಪ್ಪ ಕರಿಗಡಬು ತಿಂದಾನೇನವ್ವ ಹುಟ್ಟಿದಮ್ಯಾಲೆ? ಮೊದಲನೇ ವರ್ಷ ಇಷ್ಟವಾದದ್ದು ಇಡದಿದ್ರ ಹಸಗೊಂಡು ಹೋಗ್ತಾನ ಅಂವ."

ಹಸಿದುಕೊಂಡೇ ಹೋದರು ಮಾವ. ಎಂದು ಅನ್ನಲಿಲ್ಲ.

ಸೆಪ್ಟೆಂಬರ್ 20, ಶನಿವಾರ

ದಸರಾ ರಜೆ ಶುರುವಾಗಿದೆ. ಮನೆ ಸಾರಿಸಿದೆ. ಗೋಡೆಯ ಮೇಲಿನ ಅಂಬೇಡ್ಕರ್ ಮತ್ತು ಬುದ್ಧನ ಫೋಟೋ ಒರೆಸಿದೆ, ಆಮೇಲೆ ಇವರದು. ಫೋಟೋದಲ್ಲಿ ತಲೆ ಬಾಚಿಕೊಂಡಿದ್ದಾರೆ, ನನಗೆ ಅಷ್ಟು ಗುರುತು ಹತ್ತುವುದಿಲ್ಲ.

ನಾಳೆ ಮುಂಜಾನೆ ಅವನಿಗೆ ಏನಾದರೂ ತಿನ್ನಿಸಿಯೇ ತೀರುತ್ತೇನೆ.

ಸೆಪ್ಟೆಂಬರ್ 22, ಸೋಮವಾರ

ನಿನ್ನೆಯದನ್ನು ಬರೆಯಬೇಕು.

ಏಳಕ್ಕೇ ಉಪ್ಪಿಟ್ಟು ಮಾಡಿ ಭೀಮೇಶನ ಮನೆಗೆ ಒಯ್ದೆ. ಜಳಕ ಮಾಡಿ ಬಿಳಿ ಅಂಗಿ ಹಾಕಿದ್ದ. ತಟ್ಟೆ ನೋಡಿ ಕಿವಿ ಮುಟ್ಟಿಕೊಂಡ.

"ಅಣ್ಣಗ ಎಡಿ ಇಡೋತನ ನೀರು ಸೈತ ಮುಟ್ಟಂಗಿಲ್ಲ ಅತ್ತಿಗಿ."

"ಒಂದು ತುತ್ತು ತಿನ್ನು. ನಿಮ್ಮಣ್ಣ ಏನೂ ಅನ್ನಂಗಿಲ್ಲ."

"ಗುಳಿಗಿ ಮಾತ್ರ ತಪ್ಪಿಸಿಲ್ಲ ನೋಡ್ರಿ" ಎಂದು ಗುಳಿಗೆಯ ಖಾಲಿ ಪಟ್ಟಿ ತೋರಿಸಿದ, ನಾನು ಮೆಚ್ಚುತ್ತೇನೆ ಎಂಬಂತೆ. "ಎರಡು ಗುಟುಕು ನೀರು ಅದಕ್ಕಷ್ಟ ಕುಡುದೀನಿ. ಅಣ್ಣ ಮಾಫ್ ಮಾಡ್ತಾನ."

ಮಂಜಮ್ಮ ಅಲ್ಲೇ ಇದ್ದಳು. ಆಗ ಹೇಳಿದ್ದರೆ ಮುಗಿಯುತ್ತಿತ್ತು. ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ವಾಪಸು ಬಂದೆ.

ಎಡೆ ಇಟ್ಟಾಗ ಹನ್ನೆರಡೂವರೆ. ರೊಟ್ಟಿ, ಕೋಳಿ ಸಾರು, ಕರಿಗಡಬು, ಒಂದು ಕಟ್ಟು ಬೀಡಿ, ನೈಂಟಿ ಪಾಕೀಟು ಎರಡು. ಭೀಮೇಶ ಲೋಬಾನದ ಹೊಗೆ ಹಾಕಿ ಅಡ್ಡ ಬಿದ್ದ, ಬಹಳ ಹೊತ್ತು ಏಳಲಿಲ್ಲ. ಎದ್ದು ಒಂದು ಪಾಕೀಟು ಹರಿದು ಲೋಟಕ್ಕೆ ಬಗ್ಗಿಸಿ ಕುಡಿದ. ಕಾಗೆ ಬರಲಿಲ್ಲ. ಮಾಳಿಗೆಯ ಮೇಲೆ ಅನ್ನ ಇಟ್ಟು ಎಲ್ಲರೂ ಅಂಗಳದಲ್ಲಿ ಕುತ್ತಿಗೆ ಎತ್ತಿ ಕುಳಿತೆವು. ಇಡೀ ಊರಲ್ಲಿ ಅವತ್ತು ಮನೆಮನೆಗೆ ಎಡೆ, ಕಾಗೆಗಳಿಗೆ ಎಲ್ಲಿ ಪುರಸೊತ್ತು. ಒಂದು ಗಂಟೆಯಾಯಿತು. ಎರಡಾಯಿತು. ಬೊಮ್ಮಪ್ಪ ಮಾವ "ಇನ್ನೊಂದು ಗುಟುಕು ತಗೋ, ನಿಮ್ಮಣ್ಣಗ ಸಾಕಾಗಿಲ್ಲ ಅನಸ್ತೈತಿ, ಅದಕ್ಕ ಕಾಗಿ ಕಳಸವಲ್ಲ" ಅಂದ. ಭೀಮೇಶ ಇನ್ನೊಂದು ಹರಿದ.

ಎರಡೂವರೆಯ ಹೊತ್ತಿಗೆ ಅವನ ಅಂಗಿಯ ಬೆನ್ನು ನೋಡಿದೆ. ನೆನೆದು ಮೈಗೆ ಅಂಟಿತ್ತು. ಬಿಸಿಲಿರಲಿಲ್ಲ, ಮೋಡ ಮುಸುಕಿತ್ತು. ಬೀಡಿ ಹಚ್ಚಲು ಹೋಗಿ ಕಡ್ಡಿ ಕೈಯಿಂದ ಜಾರಿತು. ಮತ್ತೊಂದು ಜಾರಿತು. ನನ್ನ ಕಡೆ ತಿರುಗಿ "ಯವ್ವಾ, ಶಾಲಿಗೆ ಹೊತ್ತಾತು" ಅಂದ.

ಎಲ್ಲರೂ ನಕ್ಕರು. "ಎರಡು ನೈಂಟಿಗೇ ಔಟಾ? ಅಣ್ಣನ ತಾಕತ್ತು ಇಲ್ಲ ಬಿಡ್ಲೇ ನಿನಗ" ಅಂದ ಬೊಮ್ಮಪ್ಪ ಮಾವ. "ಒಳಗ ಮಲಗಸ್ರಿ, ನಿದ್ದಿ ಮಾಡಿದ್ರ ಇಳೀತೈತಿ."

ಆ ಮಾತು ಕೇಳಿ ನಾನು ಎದ್ದೆ. ಅಡುಗೆಮನೆಗೆ ಬೀಗ ಹಾಕಿತ್ತು. ಮನೆ ತುಂಬ ಜನ ಇದ್ದರೂ ಎಡೆಯ ಅಡುಗೆ ತೆಗೆದ ಮೇಲೆ ನಾನೇ ಹಾಕಿದ್ದೆ, ನೆನಪೂ ಇರಲಿಲ್ಲ. ಬೀಗದ ಕೈಗೆ ತೂತು ಸಿಗಲಿಲ್ಲ. ಎಷ್ಟು ಹೊತ್ತು ಹಿಡಿಯಿತೋ. ಸಕ್ಕರೆ ಡಬ್ಬಿಯನ್ನು ಚೊಂಬಿಗೆ ಹಾಗೇ ಸುರಿದು ನೀರು ಹಾಕಿ ಕೈಯಿಂದಲೇ ಕಲಸುತ್ತ ಬಂದೆ.

ಮಂಜಮ್ಮ ನನ್ನ ಮುಂಗೈ ಹಿಡಿದಳು. "ಯಕ್ಕಾ! ಅವಗ ಶುಗರ್ ಐತಿ! ಸಕ್ರಿ ಹಾಕಿ ಕೊಲ್ತಿಯೇನು?"

"ಬಿಡ ಮಂಜೀ. ಏರಿಲ್ಲ ಅವನ್ದು, ಇಳಿದೈತಿ!"

ಅಷ್ಟು ಜೋರಾಗಿ ನಾನು ಈ ಮನೆಯಲ್ಲಿ ಯಾವತ್ತೂ ಕೂಗಿಲ್ಲ. ಅವಳ ಕೈ ಸಡಿಲವಾಯಿತು. ಭೀಮೇಶ ಬಾಯಿ ಗಟ್ಟಿ ಮುಚ್ಚಿದ. "ಭೀಮಾ, ಬೆಲ್ಲದ ನೀರಪ್ಪಾ, ಕುಡಿ" ಅಂದೆ. ಬೆಲ್ಲ ಯಾಕೆ ಅಂದೆನೋ. ಅವನು ತುಟಿ ತೆರೆದ. ಗುಟುಕು ಗುಟುಕಾಗಿ ಕುಡಿಸಿದೆ, ನುಂಗಿದನೇ ಎಂದು ಗಂಟಲು ನೋಡಿ ಮತ್ತೊಂದು ಗುಟುಕು. ಬಿಳಿ ಅಂಗಿಯ ಮೇಲೆ ಅರ್ಧ ಚೆಲ್ಲಿತು. ಆಮೇಲೆ ಎಡೆಯ ಮುಂದೆ ಕುಳಿತು ರೊಟ್ಟಿ ಮುರಿದೆ. "ಕಾಗಿ ಇನ್ನಾ ಮುಟ್ಟಿಲ್ಲ" ಎಂದು ಯಾರೋ ಅಂದರು. ಫೋಟೋದ ಕಡೆ ನೋಡಲಿಲ್ಲ. ರೊಟ್ಟಿ ಸಾರಲ್ಲಿ ಅದ್ದಿ ಅವನ ಬಾಯಿಗೆ ಇಟ್ಟೆ. ಅಗಿದ. ಇನ್ನೊಂದು ತುತ್ತು. ಅಗಿದ.

ಹತ್ತು ಹದಿನೈದು ನಿಮಿಷಕ್ಕೆ ಕಣ್ಣು ನೆಟ್ಟಗಾಯಿತು. "ಅಂಗಿ ಯಾಕ ಅಂಟಂಟು ಆಗೈತಿ?" ಎಂದು ಕೇಳಿದ.

ಸುಮಲತಾ ಸಿಸ್ಟರ್‌ಗೆ ಮಂಜಮ್ಮನೇ ಫೋನ್ ಮಾಡಿದಳು. ಸ್ಕೂಟಿಯಲ್ಲಿ ಬಂದು ಬೆರಳು ಚುಚ್ಚಿ ನೋಡಿದರು. ಅಷ್ಟು ಸಕ್ಕರೆ, ರೊಟ್ಟಿ ಹೋದ ಮೇಲೂ ಐವತ್ತೆಂಟು. ಈ ಗುಳಿಗೆ ಮತ್ತೆ ಇಳಿಸುತ್ತದೆ, ಒಂದು ದಿನ ದವಾಖಾನೆಯಲ್ಲಿ ಇರಲೇಬೇಕು ಎಂದು ಆಟೋ ತರಿಸಿ ಹಗರಿಬೊಮ್ಮನಹಳ್ಳಿಗೆ ಕಳಿಸಿದರು. ಹೋಗುವಾಗ ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿ, "ಇನ್ನೊಂದು ತಾಸು ಮಲಗಿಸಿದ್ರೆ ಕಷ್ಟ ಇತ್ತು. ಈ ಅಕ್ಕ ಉಳಿಸಿದ್ರು" ಅಂದರು.

ಎಲ್ಲರೂ ನನ್ನನ್ನು ನೋಡಿದರು. ನಾನು ಚೊಂಬು ತೊಳೆಯಲು ಹಿತ್ತಲಿಗೆ ಹೋದೆ.

ಕಾಗೆ ಸಂಜೆ ಬಂದಿತಂತೆ. ನಾನು ನೋಡಲಿಲ್ಲ.

ಸೆಪ್ಟೆಂಬರ್ 24, ಬುಧವಾರ

ಹೇಳಿದೆ.

ದವಾಖಾನೆಯಿಂದ ಬಂದವನು ಸೀದಾ ನನ್ನ ಮನೆಗೇ ಬಂದ. ಕಟ್ಟೆಯ ಮೇಲೆ ಕುಳಿತು ಶೇಂಗಾ ಬಿಡಿಸುತ್ತ, ಎಡೆಯ ದಿನ ತಾನು ಏನೇನು ಮಾತಾಡಿದೆ ಎಂದು ಮಂಜಿ ಅಣಕಿಸಿದ್ದನ್ನೆಲ್ಲ ಹೇಳಿ ನಕ್ಕ. ಆಮೇಲೆ ಕೇಳಿದ.

"ಬೊಮ್ಮಪ್ಪ ಮಾವಗ ಗೊತ್ತಾಗಲಿಲ್ಲ, ಕಟಗೊಂಡ ಹೆಂಡ್ತಿಗೆ ಗೊತ್ತಾಗಲಿಲ್ಲ. ನಿಮಗ ಹೆಂಗ ಗೊತ್ತಾತು ಅತ್ತಿಗಿ?"

ಸಿಸ್ಟರ್ ಹೇಳಿದ್ದರು ಅಂದಿದ್ದರೆ ಆಗುತ್ತಿತ್ತು. ಅದೂ ನಿಜವೇ.

"ಹಂಗ ಇದ್ದದ್ದು ಒಮ್ಮಿ ನೋಡೀನಿ, ಭೀಮಾ" ಅಂದೆ. ಅಲ್ಲಿಂದ ಎಲ್ಲ ಹೇಳಿದೆ. ಬೆವರು, ತೊದಲು, ಬೆಲ್ಲ ಕೇಳಿದ್ದು, ಬೀಗ, ಒಳಗಿದ್ದ ರೊಟ್ಟಿ, ಮೂರಕ್ಕೆ ಬಂದು ಎಬ್ಬಿಸದೇ ಇದ್ದದ್ದು, ಡಾಕ್ಟರಿಗೆ ಹೇಳಿದ ಸುಳ್ಳು. ಅಳಲಿಲ್ಲ. ಶಾಲೆಯಲ್ಲಿ ಅಕ್ಕಿ ಬೇಳೆಯ ಲೆಕ್ಕ ಒಪ್ಪಿಸಿದ ಹಾಗೆ ಹೇಳಿದೆ.

ಅವನ ಕೈ ಶೇಂಗಾದ ಮೇಲೆ ನಿಂತಿತ್ತು. ಕೊನೆಗೆ ಬಿಡಿಸಿದ ಬೀಜಗಳನ್ನೆಲ್ಲ ಮೊರದಲ್ಲಿ ಹಾಕಿ ಎದ್ದ. ಅಡುಗೆಮನೆಯ ಬಾಗಿಲ ಕಡೆ ನೋಡಿದ. ಬೀಗ ನೇತಾಡುತ್ತಿತ್ತು. ಕಟ್ಟೆ ಇಳಿದು ಹೋದ. ಚಪ್ಪಲಿ ಬಿಟ್ಟೇ ಹೋದ.

ಸೆಪ್ಟೆಂಬರ್ 28, ಭಾನುವಾರ

ನಮ್ಮ ಓಣಿಯ ನೀರಿನ ಸರದಿ. ಬರುವುದಿಲ್ಲವೇನೋ ಎಂದು ಐದೂವರೆಗೇ ನಳದ ಮುಂದೆ ಕೊಡ ಇಟ್ಟು ಕುಳಿತಿದ್ದೆ. ಆರಕ್ಕೆ ಸರಿಯಾಗಿ ಬಂತು. ನೀರು ಬಿಡುವವನು ಯಾರ ಮೇಲೂ ಮುನಿಸು ಇಟ್ಟುಕೊಳ್ಳಬಾರದು ಎಂದು ಇವರು ಹೇಳುತ್ತಿದ್ದರು. ಅದನ್ನು ಕಲಿತಿದ್ದಾನೆ.

ಮಂಜಮ್ಮ ಬಂದಿದ್ದಳು. ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತಳು. "ಮಾತಾಡವಲ್ಲ ಯಕ್ಕಾ. ಕುಡಿದಿಲ್ಲ, ಹೊತ್ತಿಗೆ ಸರಿಯಾಗಿ ಉಣ್ತಾನ, ಸುಮ್ಮನ ವಾಲಿನ ಕಡೆ ಹೋಗಿ ಕುಂದರ್ತಾನ. ಹೇಳಬಾರದಿತ್ತು ನೀನು." ಹೊರಡಲು ತಿರುಗಿದವಳು ನಿಂತು, "ಹೇಳಬೇಕಿತ್ತು ಬಿಡು" ಅಂದಳು. ಗುಳಿಗೆ ಬದಲಾಯಿಸಿ ಕೊಟ್ಟಿದ್ದಾರಂತೆ. ಚಪ್ಪಲಿ ಒಯ್ಯಿ ಅಂದೆ. "ಅವನೇ ಬಂದು ಒಯ್ಯಲಿ" ಅಂದಳು.

ಚಪ್ಪಲಿಯ ಧೂಳು ಒರೆಸಿ ಕಟ್ಟೆಯ ಒಂದು ಬದಿಗೆ ಇಟ್ಟೆ. ನಾಯಿ ಎಳೆದಾಡಬಾರದಲ್ಲ.

ಅಕ್ಟೋಬರ್ 2, ಗುರುವಾರ

ಬನ್ನಿ ಕೊಡುವ ದಿನ. ಚಿಕ್ಕವರು ದೊಡ್ಡವರ ಕೈಗೆ ಬನ್ನಿ ಎಲೆ ಕೊಟ್ಟು ಕಾಲು ಮುಟ್ಟಿ ಹೋಗುತ್ತಾರೆ. ಓಣಿಯ ಮಕ್ಕಳು ಬಂದು ಹೋದರು. ಬಿಸಿಯೂಟದ ಅಕ್ಕ ಎಂದು ನನಗೆ ಎಲ್ಲರಿಗಿಂತ ಹೆಚ್ಚು ಎಲೆ. ಮಧ್ಯಾಹ್ನ ಒಂದರ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಭೀಮೇಶ ಬರಿಗಾಲಲ್ಲಿ ಬಂದಿದ್ದ. ಒಳಗೆ ಬಂದು ನನ್ನ ಅಂಗೈಯಲ್ಲಿ ಒಂದು ಹಿಡಿ ಎಲೆ ಹಾಕಿದ. ಕಾಲು ಮುಟ್ಟಲು ಬಗ್ಗಿದವನು ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟ. ಅಡುಗೆಮನೆಯ ಹೊಸ್ತಿಲು.

"ಗಾಡಿ ಮ್ಯಾಲೆ ನನ್ನ ಬೆನ್ನಿಗೆ ಒರಗಿ ಕುಂತಿದ್ದ ಅತ್ತಿಗಿ. ಅವನ ಬೆವರಿಗೆ ನನ್ನ ಅಂಗಿ ತೋದಿತ್ತು. ಏನಲೇ ಅಣ್ಣಾ, ಮೋಟರ್ ಬೋರಿನ್ಯಾಗಿಂದ ಎತ್ತಿದ್ರೋ ನಿನ್ನ ಎತ್ತಿದ್ರೋ ಅಂತ ನಗಾಡಿದೆ. ದಾರಿಯುದ್ದಕ್ಕೂ ನಗಾಡಿದೆ."

ನಾನು ಎಲೆ ಹಿಡಿದುಕೊಂಡು ನಿಂತಿದ್ದೆ.

"ನಿಮ್ಮ ಕೈಯಾಗ ಕೀಲಿ ಇತ್ತು. ನನ್ನ ಕೈಯಾಗ ಗಾಡಿ ಇತ್ತಲ್ಲ. ದವಾಖಾನಿ ಕಡೆ ತಿರಗಸಲಿಲ್ಲ ನಾನು. ನನಗೂ ಗೊತ್ತಿದ್ದಿಲ್ಲ, ನಿಮಗೂ ಗೊತ್ತಿದ್ದಿಲ್ಲ."

ಹೊರಗೆ ಹುಡುಗರು ಬನ್ನಿ ಬನ್ನಿ ಎಂದು ಓಡುತ್ತಿದ್ದರು. ಅವನು ಮುಖ ಒರೆಸಿಕೊಂಡ.

"ಗುಳಿಗಿ ನುಂಗೀನಿ. ಹಸಿವ್ಯಾಗೈತಿ. ಉಣ್ಣಾಕ ಹಾಕ್ರಿ ಅತ್ತಿಗಿ."

ಬೀಗ ತೆಗೆದೆ. ಅನ್ನ ಇತ್ತು, ಸೊಪ್ಪಿನ ಸಾರು ಇತ್ತು. ನನಗೊಬ್ಬಳಿಗೇ ಮಾಡಿಕೊಂಡದ್ದು, ಆದರೂ ಇಬ್ಬರಿಗೆ ಆಯಿತು. ಅವನು ಉಣ್ಣುವುದನ್ನು ನೋಡುತ್ತ ಕುಳಿತೆ. ಎರಡನೇ ಸಲ ಅನ್ನ ಹಾಕಿಸಿಕೊಂಡ.

"ಪೂರ್ತಿ ಬಿಡ್ತೀನಿ ಅಂತ ಸುಳ್ಳು ಹೇಳಂಗಿಲ್ಲ. ಹನ್ನೊಂದು ದಿನ ಆತು ಮುಟ್ಟಿಲ್ಲ. ನಾಳಿನ್ದು ನಾಳಿಗೆ."

"ಬಿಟ್ರ ಒಳ್ಳೇದು ಅಂದಾರ ಸಿಸ್ಟರ್."

"ಅಂತಾರ. ಸರಕಾರ ಅದಕ್ಕ ಪಗಾರ ಕೊಡ್ತೈತಿ ಅವರಿಗೆ." ಸಾರು ಸುರಿದುಕೊಂಡ. "ಉಪ್ಪು ಕಮ್ಮಿ ಆಗೈತಿ."

"ಬಿಪಿ ಬಂದೀತು, ಸುಮ್ಮನ ಉಣ್ಣು" ಅಂದೆ.

ಹೋಗುವಾಗ ಚಪ್ಪಲಿ ಮೆಟ್ಟಿಕೊಂಡ. ಮತ್ತೆ ತಿರುಗಿ ಬಂದು, ಬಾಗಿಲ ಚಿಲಕದಲ್ಲಿ ನೇತಾಡುತ್ತಿದ್ದ ಬೀಗವನ್ನು ತೆಗೆದು ಕೈಯಲ್ಲಿ ತೂಗಿ ನೋಡಿದ.

"ಹುಡುಗರು ಊರ ಮುಂದಿನ ವಾಲ್ ತಿರುವಿ ನೀರು ಹರಿಸಿ ಆಟ ಆಡ್ತಾವ. ಪಂಚಾಯ್ತಿಯೋರಿಗೆ ಕೇಳಿ ಕೇಳಿ ಸಾಕಾತು. ಇದು ಗಟ್ಟಿ ಐತಿ. ಒಯ್ಲಾ?"

ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟೆ.

ಅಕ್ಟೋಬರ್ 5, ಭಾನುವಾರ

ನೀರು 6 ರಿಂದ 6-40. ಮೂರು ಕೊಡ ತುಂಬಿದೆ.

ಮಧ್ಯಾಹ್ನ ರೊಟ್ಟಿ ತೆಗೆದುಕೊಂಡು ವಾಲಿನ ಹತ್ತಿರ ಹೋಗಿದ್ದೆ. ಬೀಗ ಚೆನ್ನಾಗಿ ಕೂತಿದೆ. ಎಣ್ಣೆ ಹಚ್ಚಿದ್ದಾನೆ.

ನಾಳೆ ಗಿರಣಿಗೆ ಹೋಗಬೇಕು. ಜೋಳದ ಹಿಟ್ಟು ಈಗ ಬೇಗ ತೀರುತ್ತಿದೆ.